ಎರಡು ಬಾಗಿಲ ಕಾರಿನ ಟ್ರಯಲ್

7-2-1956, ಮಂಗಳವಾರ, ಬೆಳಿಗ್ಗೆ

ಮತ್ತೆ ಕೆಟ್ಟ ಕನಸು. ನನ್ನ ಹಳೇ ಧಣಿ, ಬಿಳಿ ದೊರೆ, ಹಿಂದೆ ನಿಂತು "ಚಾಮಯ್ಯ, ಗಾಡಿ ತೆಗಿ" ಅನ್ನುತ್ತಾರೆ. ಹತ್ತಿ ಕೂತರೆ ಸ್ಟೇರಿಂಗೇ ಇಲ್ಲ. ಊಟದ ತಟ್ಟೆ ಹಿಡಿದು ತಿರುಗಿಸುತ್ತಿದ್ದೇನೆ... ಬೆವತು ಎದ್ದೆ.

ಮರಮ್ಮ ಒಲೆ ಮುಂದಿನಿಂದಲೇ ಕೂಗಿದಳು: "ಇನ್ಯಾರ್ದೋ ಕಾರ್ಗೆ ನೀನ್ಯಾಕ್ ನಿದ್ದೆಗೆಡ್ತೀಯ?"

ಹೆಂಡತಿಗೇನು, ಹೇಳುವುದು ಸುಲಭ. ಹನ್ನೊಂದು ವರ್ಷದಿಂದ ಪುಟ್ಟಮಲ್ಲಪ್ಪ ಸಾವ್ಕಾರರ ಹೊಗೆಸೊಪ್ಪಿನ ಲಾರಿ ಓಡಿಸಿಕೊಂಡು ತೆಪ್ಪಗಿದ್ದೆ. ನಿನ್ನೆ ಕರೆದು ಹೇಳಿದರು — ಕೊಡಗಿನ ಕಾಫಿ ತೋಟದ ದೊರೆ ತಮ್ಮ ಶೀಮೆಗೆ, ಇಂಗ್ಲೆಂಡಿಗೆ, ಹೊರಟರಂತೆ, ಎರಡು ಬಾಗಿಲ ಕಾರು ಮಾರುತ್ತಾರಂತೆ, ಮಗ ವೀರಭದ್ರಸ್ವಾಮಿಗೆ ಅದೇ ಬೇಕಂತೆ. ಟ್ರಯಲ್ ನೋಡಿ ನಾನು ಹೇಳಬೇಕು. ಲಾರಿಗೆ ಬರುವ ಮುಂಚೆ ಐದು ವರ್ಷ ಆ ದೊರೆಯ ಹತ್ತಿರ ಅದೇ ಕಾರು ಓಡಿಸಿದವನು ಅಲ್ಲವೇ. ನನ್ನ ಮಾತೇ ಕಡೇ ಮಾತು.

ಕಡೇ ಮಾತು ನನ್ನದಾಗಬಾರದಿತ್ತು.

9-2, ಗುರುವಾರ

ಬಂತು. ಹುಣಸೂರು ಪೇಟೆಯೇ ಎದ್ದು ನಿಂತಿತು.

ಅದೇ ಕಡು ಹಸಿರು. ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು, ಮೂತಿ ಮಾತ್ರ ಮಾರುದ್ದ. ಬಾಗಿಲು ತೆಗೆದೆ — ತೊಗಲು ಸೀಟಿನ ವಾಸನೆ. ಅಲ್ಲೇ ನಿಂತುಬಿಟ್ಟೆ.

ಮದುವೆಯಾದ ಹೊಸತು. ಮೈಸೂರಿನಲ್ಲಿ ರಿಪೇರಿ ಮಾಡಿಸಿಕೊಂಡು ಬರುವಾಗ ಮರಮ್ಮನನ್ನು ಬಿಳಿಕೆರೆಯಲ್ಲಿ ಹತ್ತಿಸಿಕೊಂಡಿದ್ದೆ. ದೊರೆಗೆ ಗೊತ್ತಿಲ್ಲ. ಕಾಲು ಮಣ್ಣಾಗಿದೆ ಅಂತ ಹತ್ತು ಮೈಲಿಯೂ ಎರಡು ಕಾಲು ಎತ್ತಿಕೊಂಡೇ ಕೂತಿದ್ದಳು. ಇಳಿಯುವಾಗ ನಡೆಯಲಿಕ್ಕೇ ಆಗಲಿಲ್ಲ. ಎಷ್ಟು ನಕ್ಕಿದ್ದೆವು...

10-2, ಶುಕ್ರವಾರ, ಸಾಯಂಕಾಲ

ಮಾನ ಹೋಯಿತು.

ಸಾವ್ಕಾರರು ಕಾರನ್ನು ಎತ್ತು ನೋಡಿದ ಹಾಗೆ ನೋಡಿದರು. ಸುತ್ತು ಬಂದರು, ಬೆನ್ನು ತಟ್ಟಿದರು. "ಹನಗೋಡು ಹೊಳೇಲಿ ಮರಳಿಗೆ ಇಳಿಸ್ಲಾ. ಎತ್ತಾದ್ರೆ ಅಂಗೇ ತಾನೆ ನೋಡೋದು?"

"ಸಾವ್ಕಾರ್ರೇ, ಇದು ಟಾರ್ ರೋಡಿನ ಗಾಡಿ..."

"ಮರಳಲ್ಲಿ ಕೂತ್ಕೊಳೋದು ಟಾರಲ್ಲಿ ಓಡಿ ಏನ್ ಬಂತ್ಲಾ?"

ಇಳಿಸಿದೆ. ಅರ್ಧ ಚಕ್ರ ಹೂತುಹೋಯಿತು. ಹೊಳೆಯಾಚೆ ಉಳುತ್ತಿದ್ದ ದೊಡ್ಡಮಾದಯ್ಯ ತನ್ನ ಜೋಡಿ ಎತ್ತು ಬಿಚ್ಚಿಕೊಂಡು ಬಂದು ಕಟ್ಟಿ ಎಳೆದ. "ಚಾಮಯ್ಯ, ಟ್ರಯಲ್ ಯಾವುದ್ಕಪ್ಪ? ನನ್ನೆತ್ತಂತೂ ಪಾಸಾದ್ವು ಕಣ!"

ಎಲ್ಲರೂ ನಕ್ಕರು. ಸಾವ್ಕಾರರು ನಗಲಿಲ್ಲ. "ಬ್ಯಾಡ ಬುಡು" ಅಂದರು.

ಇವರು ಬೇಡ ಅಂದರೆ ಮೈಸೂರಿನ ಗುಜರಿಯವನು ಕಾದಿದ್ದಾನೆ. ಎಂಜಿನ್ ಬಿಚ್ಚಿ ಬಾವಿ ನೀರೆತ್ತಲು ಕೂರಿಸುತ್ತಾನೆ, ಮಿಕ್ಕಿದ್ದು ತಗಡು. ನನಗೇನು ಬಂತೋ, ಎಲ್ಲರೆದುರೇ ಕೈ ಮುಗಿದೆ. "ನಾಳೆ ಒಂದ್ಸಲ ಬಿಳಿಕೆರೆ ರೋಡಿಗೆ ಬನ್ನಿ. ಒಂದೇ ಸಲ."

11-2, ಶನಿವಾರ

ಓಡಿತು! ಆಲದ ಮರದ ನೆರಳು ಮೇಲೆ ಬೀಳುವ ಮುಂಚೆ ಹಿಂದೆ ಹೋಗುತ್ತಿತ್ತು. ಏರು, ಇಳಿಜಾರು, ತಿರುವು... ಯಾವುದನ್ನೂ ಯೋಚಿಸಲಿಲ್ಲ, ಕೈಕಾಲು ತಾವೇ ಮಾಡಿದವು. ಮೂವತ್ತರ ವಯಸ್ಸು ವಾಪಸ್ ಬಂದ ಹಾಗೆ. ಸಾವ್ಕಾರರು ಪೇಟ ಹಿಡಿದುಕೊಂಡು, "ಲೇ, ನೆಲದ್ ಮ್ಯಾಲೇ ಅದಾ ಇದು?" ಅಂದರು.

ಒಪ್ಪಿದರು. ಸೋಮವಾರ ಒಳ್ಳೆಯ ದಿನ, ಹತ್ತು ಗಂಟೆಗೆ ಬೀಗದ ಕೈ ಇಸಿದುಕೊಳ್ಳುತ್ತಾರೆ. "ಲಾರಿ ಇನ್ಯಾರಾದ್ರೂ ಓಡಿಸ್ಲಿ. ವೀರಭದ್ರಸ್ವಾಮಿ ಕೈ ಕೂರೋಗಂಟ ಇದ್ನ ನೀನೇ ಓಡ್ಸು."

ನಾನೇ!

12-2, ಭಾನುವಾರ

ಎಡ ಮೊಣಕಾಲು ನೋವು. ಪಕ್ಕದಲ್ಲಿ ನೀಲಿಗಟ್ಟಿದೆ. ಎಣ್ಣೆ ನೀವಿಕೊಳ್ಳುವಾಗ ಹೊಳೆಯಿತು.

ಮೂರನೇ ಗೇರು. ದೊರೆಯ ಹತ್ತಿರ ಇದ್ದಾಗ ಇಳಿಜಾರಿನಲ್ಲಿ ತಾನಾಗಿ ಹಾರಿ ಬೀಳುತ್ತಿತ್ತು. ಬಿದ್ದರೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ನುಗ್ಗುತ್ತದೆ. ಅದಕ್ಕೆ ಗೇರಿನ ಲಿವರಿಗೆ ಮೊಣಕಾಲು ಒತ್ತಿಕೊಂಡೇ ಐದು ವರ್ಷ ಓಡಿಸಿದ್ದೆ. ನಿನ್ನೆಯೂ ಹಾಗೇ ಒತ್ತಿದ್ದೇನೆ. ಗೊತ್ತೇ ಆಗದೆ!

ದೊರೆ ಆಮೇಲೆ ರಿಪೇರಿ ಮಾಡಿಸಿರಬಹುದು. ಮಾಡಿಸದೆಯೂ ಇರಬಹುದು. ಯಾರಿಗೆ ಗೊತ್ತು? ಗೇರು ಬೀಳುತ್ತದೋ ಇಲ್ಲವೋ ನೋಡಲಿಕ್ಕೆ ನನ್ನ ಕಾಲೇ ಬಿಡಲಿಲ್ಲವಲ್ಲ.

ಹೇಳಿದರೆ ಸಾವ್ಕಾರರು ಖಂಡಿತ ಬೇಡ ಅನ್ನುತ್ತಾರೆ. ಗುಜರಿ. ಹೇಳದಿದ್ದರೆ... ವೀರಭದ್ರಸ್ವಾಮಿ ಕಲಿತ ಮೇಲೆ ಒಬ್ಬನೇ ಮಡಿಕೇರಿ ಘಾಟಿಗೆ ಹೋಗುತ್ತಾನೆ. ಇಪ್ಪತ್ತೆರಡು ವರ್ಷದವನು. ಎತ್ತಿನ ವ್ಯಾಪಾರದಲ್ಲೂ ಹಗ್ಗ ಕೈ ಬದಲಾಗುವ ಮುಂಚೆ ಒದೆಯುತ್ತೆ, ಹಾಯುತ್ತೆ ಅನ್ನುವುದನ್ನು ಹೇಳಿಬಿಡಬೇಕು. ಬದಲಾದ ಮೇಲೆ ಮಾತಿಲ್ಲ.

ಮರಮ್ಮನಿಗೆ ಹೇಳಿದೆ. ನೀಲಿಗಟ್ಟಿದ ಕಡೆ ತಾನೇ ಎಣ್ಣೆ ನೀವಿದಳು. ಅವಳಿಗೂ ಆ ಕಾರೆಂದರೆ ಆಸೆ, ಹೇಳುವುದಿಲ್ಲ ಅಷ್ಟೆ. ಕೊನೆಗೆ, "ಓದ್ರೆ ಕಾರು ಓಗ್ಲಿ. ಓಗಿ ನಿಜ ಏಳ್ಬುಡು" ಅಂದಳು.

13-2, ಸೋಮವಾರ, ಬೆಳಿಗ್ಗೆ ಏಳು ಗಂಟೆ

ಸಾವ್ಕಾರರ ಎದುರು ಬಾಯಿ ತೊದಲುತ್ತದೆ. ಮೂರನೇ ಕ್ಲಾಸಿಗೆ ಬಿಟ್ಟವನು, ಮಾತು ಜೋಡಿಸಲು ಬರುವುದಿಲ್ಲ. ಇಲ್ಲಿ ಬರೆದು ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ —

ಸಾವ್ಕಾರ್ರೇ, ಬೀಗದ ಕೈ ಈಗಲೇ ಇಸ್ಕೋಬೇಡಿ. ಶನಿವಾರದ ಟ್ರಯಲ್ಲು ಸುಳ್ಳು. ಬೇಕಂತ ಮಾಡಲಿಲ್ಲ, ಆದರೂ ಸುಳ್ಳು. ಮೂರನೇ ಗೇರು ಹಾರದ ಹಾಗೆ ಗೊತ್ತಿಲ್ದೆ ಮೊಣಕಾಲು ಒತ್ತಿ ಹಿಡಿದಿದ್ದೆ, ಅದನ್ನ ಇನ್ನೊಂದ್ಸಲ ನೋಡಬೇಕು. ನಾನು ಓಡಿಸಬಾರದು. ದೊರೆ ಕಡೆಯ ಡ್ರೈವರೇ ಓಡಿಸಲಿ, ನೀವು ಪಕ್ಕ ಕೂತು ಅವನ ಕಾಲು ನೋಡ್ತಾ ಇರಿ. ಇಳಿಜಾರಲ್ಲಿ, ಲಿವರ್ ಯಾರೂ ಮುಟ್ಟದೆ, ಒಂದೇ ಒಂದು ಸಲ ಓಡಲಿ. ಗೇರು ನಿಂತರೆ ತಗೊಳ್ಳಿ, ಹಾರಿದರೆ ಬೇಡ.