ಅಮ್ಮನಿಗೂ ಹೇಳದ ಪಾಸ್‌ವರ್ಡ್

ಕಂಪ್ಯೂಟರ್ ಮೇಡಂ ಅವರಿಗೆ ನಮಸ್ಕಾರ.

ನೀವು ಕಳಿಸಿಕೊಟ್ಟ, ನನ್ನ ದೊಡ್ಡ ಮಗಳ ಶಾಲೆಯ ಚೀಲ ತಲುಪಿತು. ಪಾಸ್‌ವರ್ಡ್ ಯಾರಿಗೂ ಕೊಡಬಾರದೆಂದು ನೀವು ಕಲಿಸಿದ್ದನ್ನು ಅವಳು ಚಾಚೂ ತಪ್ಪದೆ ಪಾಲಿಸಿದಳು. "ನಿಂಗೂ ಹೇಳಲ್ಲಮ್ಮ, ಮೇಡಂ ಬೈತಾರೆ" ಅಂತ ನಗುತ್ತಿದ್ದಳು. ಅವಳನ್ನು ಸಾಯುವಷ್ಟು ಹೆದರಿಸಿದವರು ಯಾರೆಂದು ಅವಳ ಫೋನಿಗಷ್ಟೇ ಗೊತ್ತು. ತೆರೆಯಲಾಗದೆ ಪೊಲೀಸರು ವಾಪಸ್ ಕೊಟ್ಟರು. "ಆಫ್ ಮಾಡೇ, ಸಾಕು" ಅನ್ನುತ್ತಾರೆ ನಮ್ಮ ಮನೆಯವರು. ನನಗೆ ಮನಸ್ಸು ಬಾರದು. ದಿನಾ ಚಾರ್ಜಿಗೆ ಹಾಕುತ್ತೇನೆ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಒಂದೇ ಕೋರಿಕೆ: ಹೆದರಿಕೆಯಾದರೆ ಅಮ್ಮನಿಗೆ ಹೇಳಬಹುದು ಎಂದು ಪಾಠಕ್ಕೆ ಸೇರಿಸಿ. ಅವಳ ತಂಗಿಯೂ ನಿಮ್ಮ ತರಗತಿಯಲ್ಲೇ ಇದ್ದಾಳೆ. ನಿನ್ನೆ ನಾನು ಕೇಳಿದ್ದಕ್ಕೆ ತನ್ನ ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಇಷ್ಟು ಬರೆಯುವಷ್ಟರಲ್ಲಿ ದೊಡ್ಡವಳ ಫೋನು ಮತ್ತೆ ಟಿಣ್ ಎಂದಿತು. ಅವಳು ಸತ್ತದ್ದು ಆ ಪುಣ್ಯಾತ್ಮನಿಗೆ ಇನ್ನೂ ಗೊತ್ತಿಲ್ಲ.

ಇಂತಿ,
ಅವಳ ಅಮ್ಮ