ಅಜ್ಜಿ ಆರಿಸಿದ ಹೆಸರು

ಮದೀನಾ, ಮಂಗಳವಾರ

ನಾನು ತಾಯಿಯಾಗುತ್ತಿದ್ದೇನೆ! ಗಡಿ ಕಾವಲಿಗೆ ಹೋಗಿರುವ ನನ್ನ ಗಂಡ ಮಿಷಾರಿ ಫೋನಿನಲ್ಲೇ ಅತ್ತುಬಿಟ್ಟ. ಅವನ ಅಜ್ಜಿ ನನ್ನ ಬಾಯಿಗೆ ಖರ್ಜೂರವಿಡುತ್ತಾ, "ಗಂಡಾದ್ರೆ ಹನ್ಝಲಾ ಅಂತಲೇ ಹೆಸ್ರು" ಎಂದರು.

ಹನ್ಝಲಾ ಪ್ರವಾದಿಯ ಸಂಗಾತಿ. ಮದುವೆಯ ಮರುದಿನ ಬೆಳಿಗ್ಗೆಯೇ ಉಹುದ್ ಯುದ್ಧಕ್ಕೆ ಓಡಿದವರು, ಅಲ್ಲೇ ಮಡಿದರು.

"ಅವರ ಶವಕ್ಕೆ ದೇವದೂತರೇ ಸ್ನಾನ ಮಾಡಿಸಿದ್ರು, ಎಂಥಾ ಭಾಗ್ಯ!" ಎಂದರು ಅಜ್ಜಿ.

"ಅವರ ಹೆಂಡತಿ ಗತಿ ಏನಾಯ್ತಜ್ಜಿ?"

"ಬಸುರಿ ಹೀಗೆಲ್ಲ ಕೇಳ್ಬಾರ್ದಮ್ಮ, ತಿನ್ನು."

ನನಗೆ ಗೊತ್ತು. ಆ ಒಂದು ರಾತ್ರಿಗೆ ಆಕೆ ಬಸುರಾದಳು. ತಂದೆಯನ್ನು ನೋಡದ ಆ ಮಗನಿಗೆ ಅಬ್ದುಲ್ಲಾ ಎಂದು ಹೆಸರಿಟ್ಟರು, ಹನ್ಝಲಾ ಎಂದಲ್ಲ.

ಆ ಹೆಸರು ಈ ಮನೆಗೆ ಬಂದರೆ ಮಿಷಾರಿ ಬರುವುದಿಲ್ಲವೇನೋ ಎಂಬ ಭಯ ಎದೆಯಲ್ಲಿ ಕೂತುಬಿಟ್ಟಿದೆ. ಅಜ್ಜಿಗೆ ಬೇಡವೆನ್ನುವ ಧೈರ್ಯ ಇರುವುದು ನನ್ನ ಅಮ್ಮನಿಗೆ ಮಾತ್ರ. ಅಮ್ಮ ಬರುವುದು ಗುರುವಾರ ಸಂಜೆ, ಜೆದ್ದಾ ರೈಲಿಗೆ.