ಮೇಲಿನ ಅಗಸೆಯಲ್ಲಿ ಹೂವಿಲ್ಲದ ಹಸುಗಳು

ಓಬರ್‌ಫೆಲ್ಸ್, ಟಿರೋಲ್
ಸೆಪ್ಟೆಂಬರ್ 21, ಭಾನುವಾರ

ಪ್ರೀತಿಯ ಅಮ್ಮಾ,

ಸೊಂಟ ಹೇಗಿದೆ? ಕೋಲು ಹಿಡಿದು ಕಿಟಕಿಯವರೆಗಾದರೂ ನಡೆಯುತ್ತಿದ್ದೀಯಾ? ಆಸ್ಪತ್ರೆಯ ಸೂಪಿಗೆ ಉಪ್ಪಿಲ್ಲ ಅಂತ ನರ್ಸಮ್ಮನ ಮೇಲೆ ರೇಗಬೇಡ; ಈ ವಾರ ರೇಗುವ ಪಾಳಿ ನನ್ನದು.

ಬೇಸಿಗೆಯ ಮೇವು ಮುಗಿಯಿತು, ನಿನ್ನೆ ಹಸುಗಳನ್ನು ಬೆಟ್ಟದಿಂದ ಇಳಿಸಿದೆವು. ಆಗಸ್ಟಿನಲ್ಲಿ ಒಂದು ಹಸು ಬಂಡೆಯಿಂದ ಜಾರಿ ಸತ್ತಿತು. ಹಾಗಾಗಿ ಈ ಸಲ ಯಾವುದರ ತಲೆಗೂ ಹೂವಿಲ್ಲ, ಕೊರಳಗಂಟೆಗಳಿಗೆಲ್ಲ ಹುಲ್ಲು ತುರುಕಿದ್ದೆವು. ಸೂತಕಕ್ಕೆ ಸಿಂಗಾರವೇ? ಊರು ಹೊಗುವ ಮೇಲಿನ ಅಗಸೆಗೆ ಬಂದರೆ ಬಾಗಿಲಿಗೆ ಅಡ್ಡ ಹಗ್ಗ! ಹಗ್ಗದ ಹಿಂದೆ ಪ್ರವಾಸಿ ಸಮಿತಿಯ ಎಗೋನ್, ಕೈಯಲ್ಲಿ ಕಾಗದದ ಹೂಮಾಲೆ. "ಹೂವಿದ್ದರೆ ಹೆಬ್ಬಾಗಿಲು, ಇಲ್ಲದಿದ್ದರೆ ಹಿಂಬಾಗಿಲು, ವಾಲ್ಲಿ. ನಾಲ್ಕು ಬಸ್ಸು ಜನ ಬಂದಿದ್ದಾರೆ, ಅಳುಮುಖ ನೋಡೋಕಲ್ಲ" ಅಂದ. ಹಿಂಬಾಗಿಲೆಂದರೆ ಲಾರಿ ಓಡಾಡುವ ಬೈಪಾಸು. ಪ್ರಾಸ ಚೆನ್ನಾಗಿತ್ತು, ಅದೇ ಇನ್ನಷ್ಟು ಉರಿಸಿತು. ಆ ಅಗಸೆಯ ಕಲ್ಲು ಸವೆದಿರುವುದು ನಮ್ಮ ಹಸುಗಳು ಪಕ್ಕೆ ಉಜ್ಜಿ, ಬಸ್ಸಿನವರು ಬೆನ್ನು ಉಜ್ಜಿಯಲ್ಲ! "ನಿಮ್ಮಪ್ಪ ಸತ್ತ ವಾರ ನೀನು ಹಾರ ಹಾಕ್ಕೊಂಡು ಹೆಬ್ಬೀದೀಲಿ ಮೆರೆದ್ಯೇನೋ ಎಗೋನ್?" ಅಂತ ಕೇಳಿಯೇಬಿಟ್ಟೆ. ನನ್ನ ಗಂಡ ಲೀನ್‌ಹಾರ್ಟ್ ಗೊತ್ತಲ್ಲ, "ಬಿಡೇ, ಬಿಡೇ" ಅನ್ನುತ್ತಲೇ ಹಗ್ಗದ ಗಂಟು ಹುಡುಕುತ್ತಿದ್ದ.

ಅಷ್ಟರಲ್ಲಿ ಬೇಕರಿಯ ಬುರ್ಗಿ ಅತ್ತೆ ಮಹಡಿಯಿಂದ ನಮ್ಮನ್ನು ನೋಡಿದಳು. ಶವಯಾತ್ರೆಗೆ ಮುಚ್ಚುವ ಹಾಗೆ ಕಿಟಕಿಯ ಮರದ ಬಾಗಿಲನ್ನು ಎಳೆದುಕೊಂಡಳು. ಆಮೇಲೆ ಗಡಿಯಾರದಂಗಡಿ, ಎದುರಿನ ಔಷಧಿ ಅಂಗಡಿ, ಹೀಗೆ ಪಟಪಟ ಅಂತ ಕೆಳಗಿನ ಅಗಸೆಯವರೆಗೂ ಬೀದಿಯೇ ಕಣ್ಣು ಮುಚ್ಚಿತು. ಸಾಸೇಜ್ ಗಾಡಿಯವನು ಹಾಡು ನಿಲ್ಲಿಸಿದ. ಕೊನೆಗೆ ಎಗೋನನೇ ಹಗ್ಗ ಬಿಚ್ಚಿದ. ಅವನ ಹೂಮಾಲೆಯನ್ನು ಒಂದು ಕರು ತಿಂದಿತು; ಪಾಪ, ಅದಕ್ಕೆ ಸೂತಕ ತಿಳಿಯದು.

ಇವತ್ತು ಬೆಳಿಗ್ಗೆ ನಮ್ಮ ಬಾಗಿಲಿಗೆ ಸಮಿತಿಯ ಕಾಗದ ಅಂಟಿಸಿ ಹೋಗಿದ್ದಾರೆ: ಮುಂದಿನ ವರ್ಷದಿಂದ ಹೂವು ಕಡ್ಡಾಯವಂತೆ. ಕಡ್ಡಾಯದ ಕಾಗದ, ಕಡ್ಡಿ ಗೀರಿದೊಡನೆ ಚೆನ್ನಾಗಿ ಹೊತ್ತಿಕೊಂಡಿತು.

ಎರಡು ಅಗಸೆಗಳ ನಡುವೆ ನಿನ್ನನ್ನು ಕೇಳದವರಿಲ್ಲ. ಬೇಗ ಗುಣವಾಗಿ ಬಾ.

ನಿನ್ನ ಮಗಳು,
ವಾಲ್ಲಿ

ತಾ.ಕ.: ಲೀನ್‌ಹಾರ್ಟ್ ಸ್ಟಾಂಪು ಹಿಡಿದು ಕಾಯುತ್ತಿದ್ದಾನೆ. ಯಾವ ಹಸು ಅಂತ ನಾನು ಬರೆಯಲೇ ಇಲ್ಲ. ಪೇಪರಿನ ಫೋಟೋದಲ್ಲಿ ನೀನು ಹುಡುಕುತ್ತೀಯ, ಅದಕ್ಕೇ ಹೇಳುತ್ತಿದ್ದೇನೆ. ನೀನು ಬಾಟಲಿಯಲ್ಲಿ ಹಾಲೂಡಿಸಿ ಸಾಕಿದ ಷೆಕ್ಕಿ, ಅಮ್ಮಾ. ಒಂಬತ್ತು ವರ್ಷ ಎಲ್ಲಕ್ಕಿಂತ ಮುಂದೆ ನಡೆದವಳು ಅಲ್ಲಿಲ್ಲದ್ದನ್ನು ನೋಡಿಯೇ ಬುರ್ಗಿ ಅತ್ತೆ ಕಿಟಕಿ ಮುಚ್ಚಿದ್ದು. ಷೆಕ್ಕಿಯ ಜಾಗದಲ್ಲಿ ನಾನು ನಡೆದೆ, ಅವಳ ದೊಡ್ಡ ಗಂಟೆಯನ್ನು ಹೊತ್ತು, ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದು.